ಪೋರೂರಿನ ಗದ್ದೆಯಲ್ಲಿ ಸೀಗೆ ಹುಣ್ಣಿಮೆ

ಮದರಾಸಿಗೆ ಶರತ್ಕಾಲವೇ ಇಲ್ಲ ಎಂದು ನಾನು ನಂಬಿಕೊಂಡಿದ್ದೆ. ಬೇಸಿಗೆ ಎಳೆದೂ ಎಳೆದೂ ಅಕ್ಟೋಬರಿನವರೆಗೆ ಬರುತ್ತಿತ್ತು. ಆಮೇಲೆ ಒಂದು ಸಂಜೆ ಸಮುದ್ರದ ಕಡೆಯಿಂದ ಮೋಡ ಎದ್ದು ಮಳೆ ಹಿಡಿದುಕೊಳ್ಳುತ್ತಿತ್ತು. ಈ ಎರಡರ ನಡುವೆ ಹತ್ತು ಹದಿನೈದು ದಿನಗಳ ಒಂದು ಸಂದು ಇದೆ, ಆಗ ಬಿಸಿಲು ಮೈಗೆ ಹಿತವಾಗುತ್ತದೆ, ಗದ್ದೆಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ಗಾಳಿಯಲ್ಲೇ ನಿಂತುಬಿಡುತ್ತವೆ, ಮನುಷ್ಯರು ಏನೂ ಮಾಡದೆ ಬದುವಿನ ಮೇಲೆ ಕೂತಿರಬಹುದು ಎಂದು ನನಗೆ ತೋರಿಸಿಕೊಟ್ಟವಳು ಪಕ್ಕದ ಪೋರ್ಷನ್ನಿನ ಅಕ್ಕ.

ಎಪ್ಪತ್ತರ ದಶಕದ ಮಾತು. ತುಮಕೂರು ಕಡೆಯಿಂದ ಮದುವೆಯಾಗಿ ಬಂದ ನಾನು ಆಲಂದೂರಿನಲ್ಲಿ ಸಂಸಾರ ಹೂಡಿದ್ದೆ. ಒಂದೇ ಕಾಂಪೌಂಡಿನೊಳಗೆ ಆರು ಮನೆ. ಎರಡು ಕೋಣೆ, ಒಂದು ಅಡುಗೆಮನೆ ಇರುವ ಅಂಥ ಬಾಡಿಗೆ ಭಾಗಕ್ಕೆ ಆ ಊರಿನಲ್ಲಿ ಪೋರ್ಷನ್ ಎನ್ನುತ್ತಾರೆ. ನನ್ನ ಗಂಡನಿಗೆ ಇನ್ಶೂರೆನ್ಸ್ ಆಫೀಸು. ಅಕ್ಕನ ಗಂಡನಿಗೆ ತಾಂಬರಂನ ಎಲೆಕ್ಟ್ರಿಕ್ ಟ್ರೇನ್ ಶೆಡ್ಡಿನಲ್ಲಿ ಕೆಲಸ. ಧಾರವಾಡದ ಕಡೆಯವರು. ನಮ್ಮಿಬ್ಬರ ಮನೆ ಬಿಟ್ಟರೆ ಉಳಿದ ನಾಲ್ಕೂ ತಮಿಳರವು.

ಬೆಳಗಿನ ಆರಕ್ಕೆ ಸರಿಯಾಗಿ ಅಕ್ಕನ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಎದುರು ಪೋರ್ಷನ್ನಿನ ಗೃಹಿಣಿ ಅದನ್ನೇ ಅಲಾರಂ ಮಾಡಿಕೊಂಡಿದ್ದಳು. "ರೊಟ್ಟಿ ಸತ್ತಂ ಕೇಟ್ಟಾಚ್ಚು, ಎಳುಂದಿರು", ರೊಟ್ಟಿ ಸದ್ದು ಕೇಳಿಸಿತು, ಏಳು ಎಂದು ಮಕ್ಕಳನ್ನು ಎಬ್ಬಿಸುತ್ತಿದ್ದಳು. ಹೀಗಾಗಿ ಇಡೀ ಕಾಂಪೌಂಡಿಗೆ ಅವಳು ರೊಟ್ಟಿ ಅಕ್ಕ. ಮೊದಮೊದಲು ನಾನು ಅವಳನ್ನು ನೀವು ಎನ್ನುತ್ತಿದ್ದೆ. "ಅಕ್ಕಗ ಯಾರರ ನೀವು ಅಂತಾರೇನು? ನಾನೇನು ನಿಮ್ಮ ಹೆಡ್‌ಮಾಸ್ತರೇನು?" ಎಂದು ಗದರಿಸಿದ ಮೇಲೆ ನೀನು ಆಯಿತು.

ಎತ್ತರದ, ತೆಳ್ಳನೆಯ ಹೆಂಗಸು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಇಳಕಲ್ಲ ಸೀರೆಯ ಸೆರಗು. ಆ ಸೆಕೆಯಲ್ಲೂ ಸೆರಗು ಜಾರಿದ್ದನ್ನು ನಾನು ನೋಡಿಲ್ಲ. ಹತ್ತು ವರ್ಷ ಮದರಾಸಿನಲ್ಲಿದ್ದರೂ ತಮಿಳು ಕಲಿತಿರಲಿಲ್ಲ. ತರಕಾರಿಯವನು, ಪೋಸ್ಟ್‌ಮ್ಯಾನ್, ನರ್ಸು, ಎಲ್ಲರ ಜೊತೆಗೂ ಅಚ್ಚ ಧಾರವಾಡದ ಕನ್ನಡ. "ತಮಿಳು ಅಂದ್ರ ಬ್ಯಾರೆ ಏನಲ್ಲ ತಂಗಿ. ಕನ್ನಡಾನ ಅವಸರದಾಗ ಮಾತಾಡ್ತಾರ, ಅಷ್ಟ" ಎಂಬುದು ಅವಳ ಸಿದ್ಧಾಂತ. ಒಮ್ಮೆ ಸಜ್ಜೆ ಬೀಸಿಸಲು ಹಿಟ್ಟಿನ ಗಿರಣಿಗೆ ನಾನೂ ಅವಳ ಜೊತೆ ಹೋಗಿದ್ದೆ. ಗಿರಣಿಯವನು ಚೀಲದೊಳಗೆ ಇಣುಕಿ "ಮಾಟ್ಟುಕ್ಕಾಮ್ಮಾ?" ಎಂದ. ದನಕ್ಕಾ ಎಂದು ಕೇಳುತ್ತಿದ್ದಾನೆ ಎಂದೆ. ಅಕ್ಕ ಮುಖ ಕೆಡಿಸಿಕೊಳ್ಳಲಿಲ್ಲ. ಮರುದಿನ ಅದೇ ಹಿಟ್ಟಿನ ಎರಡು ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಗುರೆಳ್ಳು ಚಟ್ನಿ ಹಾಕಿ ಅವನಿಗೆ ಕೊಟ್ಟು ಬಂದಳು. ಆಮೇಲಿಂದ ಅವನು ಅವಳ ಚೀಲವನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಇದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ, ಯಾರೂ ಕೇಳಿದವರೂ ಅಲ್ಲ. ಕಾಂಪೌಂಡಿನಲ್ಲಿ ಯಾರದಾದರೂ ಸೀಮಂತ ನಡೆದರೆ ಹಿಂದಿನ ದಿನವೇ ಒಂದು ಡಬ್ಬಿ ಕರ್ಚಿಕಾಯಿ ಮಾಡಿ ಕಳಿಸುತ್ತಿದ್ದಳು. ಆ ದಿನ ಮಾತ್ರ "ತಲಿ ನೋಯಾಕ ಹತ್ತೈತಿ" ಎಂದು ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತಿದ್ದಳು.

ದಸರೆಗೆ ಊರಿಗೆ ಹೋಗಲ್ವಾ ಅಕ್ಕ ಎಂದು ನಾನೊಮ್ಮೆ ಕೇಳಿದೆ. ಅವರಿಗೆ ರೈಲ್ವೆ ಪಾಸ್ ಇತ್ತಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು.

"ಊರೆಲ್ಲೈತಿ ತಂಗಿ? ನೀರಾಗ ಐತಿ."

ಹೊಸ ಅಣೆಕಟ್ಟೆಯ ಹಿನ್ನೀರು ಅವಳ ತವರೂರನ್ನು ಹೊಲ ಮನೆ ಸಮೇತ ಮುಳುಗಿಸಿತ್ತು. ತಮ್ಮನಿಗೆ ಮೇಲೆಲ್ಲೋ ಕಲ್ಲುಭೂಮಿ ಕೊಟ್ಟಿದ್ದರು. ಅಲ್ಲಿಗೆ ಅವಳು ಒಮ್ಮೆ ಹೋಗಿ ಬಂದಿದ್ದಳು. "ಮನಿ ಛಲೋ ಕಟ್ಟ್ಯಾರ. ಮುಂಜಾನೆ ಎದ್ದ್ರ ಯಾವ ಕಡೆ ಮುಖಾ ಮಾಡಿ ಕೈ ಮುಗೀಬೇಕು ತಿಳೀಲಿಲ್ಲ" ಎಂದಷ್ಟೇ ಹೇಳಿದಳು.

ನಾನು ಆರು ತಿಂಗಳ ಬಸುರಿಯಾಗಿದ್ದ ವರ್ಷ. ನವರಾತ್ರಿ ಮುಗಿದು, ಎದುರು ಮನೆಯ ಗೊಂಬೆಗಳೆಲ್ಲ ಪೆಟ್ಟಿಗೆ ಸೇರಿ, ಸುಂಡಲ್ ತಿಂದು ತಿಂದು ಎಲ್ಲರ ಹೊಟ್ಟೆ ಕೆಟ್ಟಿದ್ದ ಸಮಯ. ಅಕ್ಕ ಬಾಗಿಲಿಗೆ ಬಂದು ನಿಂತಳು.

"ನಾಳಿಗೆ ಸೀಗಿ ಹುಣ್ಣಿವಿ. ಹೊಲಕ್ಕ ಹೋಗಿ ಚರಗ ಚೆಲ್ಲಿ ಬರೂಣ. ಬರ್ತೀಯಿಲ್ಲೋ?"

"ಯಾರ ಹೊಲಕ್ಕೆ?"

"ಭೂಮಿತಾಯಿ ಹೊಲಕ್ಕ. ಕಾಗದದಾಗ ಯಾರ ಹೆಸರಿದ್ರ ನಮಗೇನು?"

ಪೂನಮಲ್ಲಿ ಕಡೆ ಯಾರನ್ನೋ ನೋಡಲು ಹೋಗಿದ್ದಾಗ ಬಸ್ಸಿನ ಕಿಟಕಿಯಿಂದ ಅವಳು ಪೋರೂರಿನ ಗದ್ದೆಗಳನ್ನು ಕಂಡಿದ್ದಳು. ಅವಳ ಕಡೆ ಸೀಗೆ ಹುಣ್ಣಿಮೆಯ ಹೊತ್ತಿಗೆ ಪೈರು ಹೊಡೆ ತುಂಬಿರುತ್ತದೆ, ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ. ಅದಕ್ಕೆ ಮನೆಯಲ್ಲಿ ಏನೇನು ರುಚಿಯೋ ಅದನ್ನೆಲ್ಲ ಮಾಡಿಕೊಂಡು ಹೋಗಿ ಹೊಲದ ತುಂಬ ಚೆಲ್ಲಬೇಕು. ಅದೇ ಚರಗ. ಆಮೇಲೆ ಅಲ್ಲೇ ಕೂತು ಉಣ್ಣಬೇಕು. ಐದು ವರ್ಷದಿಂದ ಅವಳಿಗೆ ಚೆಲ್ಲಲು ಹೊಲವಿರಲಿಲ್ಲ. "ನೀ ಬಂದ್ರ ಆಕೀಗೂ ಗೆಣತಿ ಸಿಕ್ಕಂಗಾಕ್ಕೈತಿ" ಎಂದು ನನ್ನ ಹೊಟ್ಟೆ ನೋಡಿ ನಕ್ಕಳು.

ಮರುದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ ಎಲ್ಲ ಒಂದು ಬುಟ್ಟಿಗೆ ತುಂಬಿ, ಬಿಳಿ ಬಟ್ಟೆ ಕಟ್ಟಿ ಬಸ್ಸು ಹತ್ತಿದೆವು. ಕೆರೆ ದಾಟಿ ಇಳಿದದ್ದೇ ನಾನು ಬೇರೆಲ್ಲೋ ಬಂದಂತೆ ನಿಂತುಬಿಟ್ಟೆ. ಕಣ್ಣು ಹೋಗುವವರೆಗೂ ಭತ್ತದ ಹಸಿರು. ಅಲ್ಲಲ್ಲಿ ತಾಳೆಮರ. ಬದುವಿನ ಪಕ್ಕದ ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಬಿಸಿಲಿತ್ತು, ಆದರೆ ಅದು ಬೇರೆ ಯಾರದೋ ಬಿಸಿಲು, ಮದರಾಸಿನದಲ್ಲ. ಅಕ್ಕ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಕೆಸರಿಗೆ ಇಟ್ಟಳು. ಕಾಲ್ಬೆರಳ ನಡುವೆ ಕೆಸರು ಏಳುವುದನ್ನು ಸುಮ್ಮನೆ ನೋಡುತ್ತ ನಿಂತಳು.

ಐದು ಹೆಂಟೆ ಜೋಡಿಸಿ ಅರಿಸಿನ ಕುಂಕುಮ ಹಚ್ಚಿದಳು. ಕಡುಬು, ರೊಟ್ಟಿ, ಅನ್ನ ಎಲ್ಲ ಮುರಿದು ಕಲೆಸಿ ಬದುವಿನ ಉದ್ದಕ್ಕೂ ಪೈರಿನ ಮೇಲೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗು ಹಾಕಿದಳು. ಅಷ್ಟು ತೆಳ್ಳನೆಯ ಮೈಯಿಂದ ಅಂಥ ದನಿ ಬಂದೀತೆಂದು ನಾನು ಎಣಿಸಿರಲಿಲ್ಲ. ಬೆಳ್ಳಕ್ಕಿಗಳೆಲ್ಲ ಎದ್ದು ಹೋದವು.

ಬೆಳ್ಳಕ್ಕಿ ಎದ್ದ ಕಡೆಯಿಂದಲೇ ಒಬ್ಬ ಹೆಂಗಸು ಕೈಯಲ್ಲಿ ಕುಡುಗೋಲು ಹಿಡಿದು ಓಡಿ ಬಂದಳು. ಅಕ್ಕನದೇ ವಯಸ್ಸು. ಅವಳ ಹಿಂದೆ ಇನ್ನಿಬ್ಬರು ಗಂಡಸರು. ಚೆಲ್ಲಿದ ಅನ್ನ, ಕುಂಕುಮ ಬಳಿದ ಹೆಂಟೆ ನೋಡಿದವಳೇ ಚೀರಿದಳು. "ಸೂನಿಯಂ ವೈಕ್ಕಿರಿಯಾಡೀ, ಎನ್ ವಯಲ್ಲೆ?"

ಹೊಲಕ್ಕೆ ಮಾಟ ಮಾಡಿಸುತ್ತಿದ್ದೀರಾ ಎಂದು ಕೇಳುತ್ತಿದ್ದಾಳೆ, ಹೋಗೋಣ ಬಾ ಅಕ್ಕ ಎಂದು ಸೆರಗು ಜಗ್ಗಿದೆ. ಅಕ್ಕ ಅಲ್ಲಾಡಲಿಲ್ಲ. ಬಗ್ಗಿ, ತಾನು ಚೆಲ್ಲಿದ್ದರಲ್ಲಿ ಒಂದು ತುತ್ತನ್ನು ಕೆಸರಿನ ಸಮೇತ ಎತ್ತಿ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. ಆ ಹೆಂಗಸು ಬೈಯುವುದನ್ನು ನಿಲ್ಲಿಸಿದಳು. ಅಕ್ಕ ನನ್ನನ್ನು ಹತ್ತಿರ ಎಳೆದುಕೊಂಡಳು. ಒಂದು ಅಂಗೈ ನನ್ನ ಹೊಟ್ಟೆಯ ಮೇಲಿಟ್ಟಳು, ಇನ್ನೊಂದನ್ನು ಕೆಳಗೆ ಚಾಚಿ ಹೊಡೆ ತುಂಬಿದ ಪೈರಿನ ಮೇಲಿಟ್ಟಳು.

"ಈಕೀನೂ ಬಸರಿ. ಆಕೀನೂ ಬಸರಿ. ಉಣ್ಣಾಕ ತಂದೇನಿ ಯವ್ವಾ."

ಆ ಹೆಂಗಸು ನನ್ನ ಹೊಟ್ಟೆ ನೋಡಿದಳು. ಪೈರು ನೋಡಿದಳು. ಕುಡುಗೋಲು ನಿಧಾನವಾಗಿ ಕೆಳಗಿಳಿಯಿತು.

"ವಯಲುಕ್ಕು ವಳೈಕಾಪ್ಪಾ?"

ಗದ್ದೆಗೆ ಸೀಮಂತವಾ ಎಂದು ಕೇಳಿದ್ದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಹಿಂದೆ ತಿರುಗಿ ಗಂಡಸರಿಗೆ ಅದನ್ನೇ ಹೇಳಿದಳು, ಹೇಳುತ್ತ ಹೇಳುತ್ತ ನಗು ತಡೆಯಲಾರದೆ ಬದುವಿನ ಮೇಲೆ ಕುಸಿದು ಕೂತಳು. ಗದ್ದೆಯ ಒಡತಿ ಕನ್ನಿಯಮ್ಮ ನಮಗೆ ಪರಿಚಯವಾದದ್ದು ಹೀಗೆ.

ಆಮೇಲೆ ಏಳೆಂಟು ವರ್ಷ ಸೀಗೆ ಹುಣ್ಣಿಮೆ ಎಂದರೆ ನನಗೆ ಪೋರೂರು. ಮೊದಲು ಹೊಟ್ಟೆಯಲ್ಲಿದ್ದ ಮಗಳು ಆಮೇಲೆ ಕಂಕುಳಲ್ಲಿ, ಆಮೇಲೆ ಕೈ ಹಿಡಿದುಕೊಂಡು ಬಂದಳು. ಬೇರೆ ಬೇರೆ ವರ್ಷದ ನೆನಪುಗಳು ಈಗ ಒಂದರೊಳಗೊಂದು ಕಲೆತುಹೋಗಿವೆ. ಕನ್ನಿಯಮ್ಮ ಎರಡನೆಯ ವರ್ಷದಿಂದ ತಾನೂ ಅಡುಗೆ ತರತೊಡಗಿದಳು: ಮಡಕೆಯಲ್ಲಿ ರಾಗಿ ಅಂಬಲಿ, ಕರಿದ ಮಜ್ಜಿಗೆ ಮೆಣಸಿನಕಾಯಿ. ತುಮಕೂರಿನವಳಾದ ನನಗೆ ರಾಗಿ ಕಂಡರೆ ಸಾಕಾಗಿತ್ತು, ಮಡಕೆಗೇ ಬಾಯಿ ಹಾಕುವಂತೆ ಕುಡಿಯುತ್ತಿದ್ದೆ. ಅವಳು ರೊಟ್ಟಿಯನ್ನು ಮೊದಲು ಮೂಸಿ, ಬಿಸಿಲಿಗೆ ಹಿಡಿದು ನೋಡಿ, ಅಪ್ಪಳವೇ ಎಂದುಕೊಂಡು ಮುರಿದವಳು ಆಮೇಲೆ ವರ್ಷವೆಲ್ಲ ಅದಕ್ಕಾಗಿ ಕಾಯುತ್ತಿದ್ದಳು.

ಉಂಡ ಮೇಲೆ ಮಾತಾಡಬಾರದು ಎಂಬುದು ಅಕ್ಕನ ಕಟ್ಟಪ್ಪಣೆ. "ಹೊಲದಾಗ ಉಂಡಮ್ಯಾಲ ಸುಮ್ಮನ ಅಡ್ಡಾಗಬೇಕು. ಪೈರು ತುಂಬೋದು ಕಿವಿಗೆ ಬೀಳತೈತಿ." ಮೂವರೂ ತಾಳೆಮರದ ನೆರಳಿನ ಪಟ್ಟಿಯಲ್ಲಿ ಸೆರಗು ಮುಖಕ್ಕೆಳೆದುಕೊಂಡು ಮಲಗುತ್ತಿದ್ದೆವು. ನೆರಳು ತೆಳ್ಳಗೆ, ಅದು ಸರಿದ ಹಾಗೆಲ್ಲ ನಾವೂ ಸರಿಯಬೇಕು. ಸೆರಗಿನ ನೂಲಿನ ನಡುವಿನಿಂದ ಆಕಾಶ ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕಾಲುವೆಯ ನೀರು, ದೂರದಲ್ಲಿ ಯಾರೋ ಎತ್ತಿಗೆ ಹೇಳುವ ಮಾತು, ಹಸಿ ಭತ್ತದ ಹಾಲಿನಂಥ ವಾಸನೆ. ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ನಿಜಕ್ಕೂ ಏನೋ ಕೇಳಿಸುತ್ತಿತ್ತು, ಬಟ್ಟೆಗೆ ಬಟ್ಟೆ ತಾಕಿದಂಥ ಸಪ್ಪಳ. ಅದು ಗಾಳಿ ಎಂದು ನನ್ನ ಗಂಡ ಹೇಳಿದರೆ ನಾನು ಒಪ್ಪಿಕೊಳ್ಳುತ್ತಿರಲಿಲ್ಲ.

ಒಂದು ವರ್ಷ ಊಟದ ನಡುವೆ ಮಳೆ ಬಂತು. ಎಲೆ ಹಿಡಿದುಕೊಂಡು ಪಂಪ್‌ಸೆಟ್ಟಿನ ಕೋಣೆಗೆ ಓಡಿದೆವು. ಅಕ್ಕ ಓಡಲಿಲ್ಲ. ಅರ್ಧ ಹೋಳಿಗೆ ಕೈಯಲ್ಲಿ ಹಿಡಿದು ಮಳೆಯಲ್ಲೇ ನಡೆದು ಬಂದಳು. ತಲೆಯ ಮೇಲಿನ ಸೆರಗು ತೊಯ್ದು ಅಂಟಿಕೊಂಡಿತ್ತು. "ಬಸರಿಗಿ ಉಂಡಮ್ಯಾಲ ನೀರು ಬೇಕಲ್ಲ, ಕುಡೀಲಿ ಬಿಡು" ಎಂದಳು.

ಆ ಕೋಣೆಯಲ್ಲಿ, ಬದುವಿನ ಮೇಲೆ, ಅಕ್ಕ ಕನ್ನಿಯಮ್ಮ ಇಬ್ಬರೂ ಎಷ್ಟೋ ಹೊತ್ತು ಪಿಸುಪಿಸು ಎನ್ನುತ್ತ ಕೂತಿರುತ್ತಿದ್ದರು. ಒಬ್ಬಳಿಗೆ ತಮಿಳು ಬಾರದು, ಇನ್ನೊಬ್ಬಳಿಗೆ ಕನ್ನಡ ಬಾರದು. ಮೊದಲೆರಡು ವರ್ಷ ನಾನು ನಡುವೆ ಕೂತು ತರ್ಜುಮೆ ಮಾಡಿದೆ. ಆಮೇಲೆ ನನ್ನ ಕೆಲಸ ತಾನಾಗಿ ತಪ್ಪಿತು. ನಾನು ಮಗಳನ್ನು ಕಾಲುವೆಯಲ್ಲಿ ಆಡಿಸುತ್ತ ದೂರದಿಂದ ಅವರ ಬೆನ್ನು ನೋಡುತ್ತಿದ್ದೆ.

ಎಂಟನೆಯ ವರ್ಷ ಬರ ಬಂತು. ಮದರಾಸಿನವರೆಲ್ಲ ಅದನ್ನು ನೆನಪಿಟ್ಟಿರುತ್ತಾರೆ. ನಲ್ಲಿಗಳು ಒಣಗಿ ಬೀದಿಬೀದಿಗೆ ನೀರಿನ ಲಾರಿ ಬರುತ್ತಿತ್ತು. ಕೊಡಗಳ ಸಾಲಿನಲ್ಲಿ ನಮ್ಮ ಕಾಂಪೌಂಡಿನ ಹೆಂಗಸರೇ ಒಬ್ಬರಿಗೊಬ್ಬರು ಕೈಯೆತ್ತಿದ್ದರು. ಪೋರೂರಿನ ಕೆರೆ ಬಿರುಕು ಬಿಟ್ಟು ಅಂಗಳವಾಗಿತ್ತು. ಕನ್ನಿಯಮ್ಮ ನಾಟಿ ಮಾಡಿರಲಿಲ್ಲ.

ಆ ನವರಾತ್ರಿಯಲ್ಲೇ ಅಕ್ಕನಿಗೆ ತಮ್ಮನ ಇನ್‌ಲ್ಯಾಂಡ್ ಕಾಗದ ಬಂತು. ಅಕ್ಷರ ಬರುತ್ತಿದ್ದರೂ ಅವಳು ಅದನ್ನು ನನ್ನ ಕೈಗೆ ಕೊಟ್ಟು ಎರಡು ಸಲ ಓದಿಸಿದಳು. ಅಲ್ಲಿಯೂ ಮಳೆಯಿಲ್ಲ. ಹಿನ್ನೀರು ಬಹಳ ಕೆಳಗಿಳಿದಿದೆ. ನಮ್ಮ ಹೊಲದ ಬದು, ಬಾವಿಯ ಕಟ್ಟೆ ಹೊರಗೆ ಕಾಣುತ್ತಿವೆ, ಈ ಸಲದ ಸೀಗೆ ಹುಣ್ಣಿಮೆಯನ್ನು ಅಲ್ಲೇ ಮಾಡೋಣ, ತಪ್ಪದೆ ಬಾ ಎಂದು ಬರೆದಿದ್ದ.

ಅಕ್ಕನ ಗಂಡ ಅದೇ ದಿನ ಪಾಸ್ ಬರೆಸಿಕೊಂಡು ಬಂದರು. ನಾನು ಟ್ರಂಕು ತೆಗೆದು ಕೊಟ್ಟೆ. ಅಕ್ಕ ಎರಡು ಸೀರೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಹೊರಡುವ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದರೆ ಅವಳು ಕಡುಬಿಗೆ ಹೂರಣ ರುಬ್ಬುತ್ತಿದ್ದಾಳೆ.

"ರೈಲಿಗೆ ಹೊತ್ತಾಗಲ್ವಾ ಅಕ್ಕ?"

"ನಾಳೆ ಪೋರೂರಿಗೆ ಹೋಗೂಣು."

"ಅಯ್ಯೋ, ನಿನ್ನ ಹೊಲ ಮೇಲೆ ಬಂದಿದೆ ಅಂತ ಬರೆದಿದಾರೆ! ಮತ್ತೆ ಸಿಗತ್ತಾ?"

ಅವಳು ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು ಹೇಳಿದಳು. "ಅದು ಬಂದೈತಿ, ಮಳಿ ಬಂದ್ರ ಮತ್ತ ಹೊಕ್ಕೈತಿ. ಅದರ ದಾರಿ ಅದಕ್ಕ ಗೊತ್ತೈತಿ. ಇಲ್ಲಿ ಆಕೀ ಒಣಗಿ ಕುಂತಾಳ. ಇಷ್ಟು ವರ್ಷ ತುಂಬಿದಾಗೆಲ್ಲ ಹೋಗಿ ಉಂಡು ಬಂದೀವಿ. ಈಗ ಹೆಂಗ ಬಿಟ್ಟ ಹೋಗ್ಲಿ?" ಆಕೀ ಎಂದರೆ ಕನ್ನಿಯಮ್ಮನೋ ಭೂಮಿಯೋ ಎಂದು ನಾನು ಕೇಳಲಿಲ್ಲ.

ಮರುದಿನ ನಾವು ಬಸ್ಸಿಳಿದು ಬರುವುದನ್ನು ಕಂಡು ಕನ್ನಿಯಮ್ಮ ಗುಡಿಸಲಿನಿಂದ ಹೊರಗೆ ಬಂದಳು. ಮುಖ ಸಣ್ಣದಾಗಿತ್ತು. ಗದ್ದೆಯಲ್ಲಿ ಹಳೆಯ ಕೂಳೆ, ಅಗಲ ಬಿರುಕು, ಅಷ್ಟೇ. "ಇಂದ ವರುಷಂ ವೇಂಡಾಂಕ್ಕಾ" ಎಂದಳು. ಈ ವರ್ಷ ಬೇಡ ಅಕ್ಕ. "ಪಯಿರೇ ಇಲ್ಲೆ. ಯಾರುಕ್ಕು ವಳೈಕಾಪ್ಪು?" ಪೈರೇ ಇಲ್ಲ, ಸೀಮಂತ ಯಾರಿಗೆ?

ಅಕ್ಕನಿಗೆ ಅಷ್ಟು ತಮಿಳು ಅರ್ಥವಾಗುತ್ತಿತ್ತು. ಬುಟ್ಟಿಯನ್ನು ತಲೆಯಿಂದ ಇಳಿಸುತ್ತ ಮೆಲ್ಲಗೆ ಕೇಳಿದಳು.

"ಬಸರಿಲ್ಲದಾಕೀಗೆ ಹಸಿವಿಲ್ಲೇನು ಯವ್ವಾ?"

ನಾನು ಅದನ್ನು ತಮಿಳಿಗೆ ತಿರುಗಿಸಲು ಬಾಯಿ ತೆರೆದೆ. ಕನ್ನಿಯಮ್ಮನಿಗೆ ನನ್ನ ತರ್ಜುಮೆ ಬೇಕಾಗಿರಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದವಳು ಒಳಗೆ ಹೋಗಿ ಕುಡಿಯುವ ನೀರಿನ ಕೊಡ ಹೊತ್ತು ತಂದಳು. ಆ ವರ್ಷ ಒಂದು ಕೊಡ ನೀರಿಗೆ ಅವಳು ಎಷ್ಟು ದೂರ ನಡೆಯುತ್ತಿದ್ದಳೋ. ಗದ್ದೆಯ ನಡುವೆ ಒಂದು ಮೊರದಷ್ಟು ಅಗಲದ ನೆಲಕ್ಕೆ ನೀರು ಚಿಮುಕಿಸಿ ಅಂಗೈಯಿಂದ ಸವರಿದಳು. ಒಣಮಣ್ಣಿನ ವಾಸನೆ ಗಪ್ಪನೆ ಎದ್ದಿತು. ಇಬ್ಬರೂ ಅಲ್ಲಿ ಮೊಣಕಾಲೂರಿ ಕಡುಬು, ಅನ್ನ, ಹೋಳಿಗೆ ಎಲ್ಲ ಬಡಿಸಿದರು. ಅಕ್ಕ ಆ ವರ್ಷ ಕೂಗು ಹಾಕಲಿಲ್ಲ. ಮಲಗಿದವರನ್ನು ಊಟಕ್ಕೆ ಎಬ್ಬಿಸುವವಳ ಹಾಗೆ ಬಗ್ಗಿ ನೆಲಕ್ಕೆ ಏನೋ ಹೇಳಿದಳು. ಆಮೇಲೆ ಕನ್ನಿಯಮ್ಮ ಅಕ್ಕನ ಭುಜ ಹಿಡಿದು ಕೂರಿಸಿ, ಮೊದಲ ತುತ್ತನ್ನು ತಾನೇ ಅವಳ ಬಾಯಿಗಿಟ್ಟಳು.

ಮೋಡದ ಚೂರೂ ಇರಲಿಲ್ಲ. ಅಂಥ ನೀಲಿಯನ್ನು ಮತ್ತೆ ನಾನು ಕಂಡಿಲ್ಲ. ಪೈರಿಲ್ಲದ ಗದ್ದೆಯಲ್ಲಿ ಕೂತು ಉಂಡ ಆ ಊಟದಷ್ಟು ರುಚಿಯೂ ಮತ್ತೆ ಸಿಕ್ಕಿಲ್ಲ.

ಮುಂದಿನ ಮಳೆಗೆ ಹಿನ್ನೀರು ತುಂಬಿ ಅವಳ ಹೊಲ ಒಳಗೆ ಹೋಯಿತೆಂದು ಕಾಗದ ಬಂತು. ನನಗೇ ಸಂಕಟವಾಯಿತು. "ನೋಡಿದ್ರ ಏನಾಕ್ಕಿತ್ತು? ಅತ್ತು ಬರ್ತಿದ್ದೆ. ಇಲ್ಲಿ ಉಂಡು ಬಂದೆ" ಎಂದಳು ಅಕ್ಕ.

ಇನ್ನೆರಡು ವರ್ಷಕ್ಕೆ ಗಂಡನಿಗೆ ರಿಟೈರ್‌ಮೆಂಟ್ ಆಗಿ ಹುಬ್ಬಳ್ಳಿಗೆ ಹೊರಟುಹೋದರು. ಕಾಂಪೌಂಡಿನಲ್ಲಿ ಬೆಳಿಗ್ಗೆ ಆರು ಗಂಟೆ ಎಂಬುದು ಯಾರಿಗೂ ಗೊತ್ತಾಗದಂತಾಯಿತು. ವರ್ಷಕ್ಕೊಂದೆರಡು ಕಾರ್ಡು ಬರುತ್ತಿದ್ದವು. ಎಂಬತ್ತರ ದಶಕದ ಕೊನೆಯಲ್ಲಿ, ವಿಜಯದಶಮಿ ಕಳೆದ ಎರಡನೆಯ ದಿನ ಬಂದ ಕಾರ್ಡು ಅವಳ ಗಂಡನ ಅಕ್ಷರದಲ್ಲಿತ್ತು. ಮೂರೇ ಸಾಲು. ಜ್ವರ ಬಂದು ನಾಲ್ಕು ದಿನ ಮಲಗಿದಳು, ಹೋದಳು, ನಿಮ್ಮನ್ನು ನೆನೆಸಿದಳು.

ಹುಣ್ಣಿಮೆಯ ದಿನ ನಾನೊಬ್ಬಳೇ ಪೋರೂರಿಗೆ ಹೋದೆ. ರಸ್ತೆಯ ಪಕ್ಕದ ಗದ್ದೆಗಳಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. ಕನ್ನಿಯಮ್ಮನ ಗದ್ದೆ ಒಳಗಡೆ ಇದ್ದುದರಿಂದ ಇನ್ನೂ ಹಸಿರಾಗಿಯೇ ಇತ್ತು. ನಾನು ಹೇಳಿದ್ದನ್ನು ಅವಳು ನಿಂತೇ ಕೇಳಿದಳು. ಅಳಲಿಲ್ಲ. ಕೈಕಾಲು ತೊಳೆದು, ಸೀರೆ ಬದಲಿಸಿ ಬಂದು "ವಾ, ಕೋಯಿಲುಕ್ಕು ಪೋಲಾಂ" ಎಂದಳು. ಬಾ, ಗುಡಿಗೆ ಹೋಗೋಣ.

ತಮಿಳರ ಐಪ್ಪಸಿ ತಿಂಗಳ ಹುಣ್ಣಿಮೆಗೆ ಶಿವನ ಗುಡಿಗಳಲ್ಲಿ ಅನ್ನಾಭಿಷೇಕ. ಆ ವರ್ಷ ಅದೂ ಸೀಗೆ ಹುಣ್ಣಿಮೆಯೂ ಒಂದೇ ದಿನ ಬಿದ್ದಿದ್ದವು. ಲಿಂಗವನ್ನು ಅನ್ನದಿಂದ ಪೂರ್ತಿ ಮುಚ್ಚಿದ್ದರು. ದೀಪದ ಬೆಳಕಿನಲ್ಲಿ ಅನ್ನದ ಬೆಟ್ಟವೊಂದೇ ಬೆಳ್ಳಗೆ ಕಾಣುತ್ತಿತ್ತು, ಅದರ ಆವಿ ನಮ್ಮ ಮುಖದವರೆಗೂ ಬರುತ್ತಿತ್ತು. ಕನ್ನಿಯಮ್ಮ ಅರ್ಚನೆ ಮಾಡಿಸಬೇಕೆಂದಳು. ಅರ್ಚಕರು ಹೆಸರು ಕೇಳಿದರು. ನಾನು ಅಕ್ಕನ ಹೆಸರು ಹೇಳಿದೆ. ನಕ್ಷತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ. ತಡವರಿಸುತ್ತಿದ್ದಾಗ ಕನ್ನಿಯಮ್ಮ ಮುಂದೆ ಬಂದು, ಇವತ್ತಿನದೇ ನಕ್ಷತ್ರ ಸ್ವಾಮಿ, ಅವಳು ಈ ಹುಣ್ಣಿಮೆಯಲ್ಲೇ ಹುಟ್ಟಿದವಳು ಎಂದಳು.

"ಅಪ್ಪೋ ಅಶ್ವಿನಿ" ಎಂದು ಅರ್ಚಕರು ಮಂತ್ರ ಶುರು ಮಾಡಿದರು.

ಹೊರಗೆ ಬಂದ ಮೇಲೆ ಕೇಳಿದೆ. ಗುಡಿಯ ಮೆಟ್ಟಿಲ ಮೇಲೆ ಕೂತು ಪ್ರಸಾದದ ಅನ್ನವನ್ನು ಇಬ್ಬರ ಎಲೆಗೂ ಸರಿಯಾಗಿ ಹಂಚುತ್ತ ಕನ್ನಿಯಮ್ಮ ಹೇಳಿದಳು. ಅಕ್ಕನ ಅವ್ವ ತುಂಬು ಬಸುರಿ. ಬುಟ್ಟಿ ಹೊತ್ತು ಚರಗಕ್ಕೆಂದು ಹೊಲಕ್ಕೆ ಹೋದವಳಿಗೆ ಅಲ್ಲೇ ನೋವು ಬಂತು. ಊರಿಗೆ ತಿರುಗುವಷ್ಟು ಹೊತ್ತಿರಲಿಲ್ಲ. ಬೆಳೆಯ ನಡುವೆ ಸೀರೆ ಹಾಸಿ ಮಲಗಿಸಿದರು. ಮಗು ಹುಟ್ಟಿದ್ದು ಆ ಹೊಲದಲ್ಲಿ.

ಹನ್ನೆರಡು ವರ್ಷ ನಾನು ಅವಳ ಗೋಡೆಯಾಚೆ ಇದ್ದೆ. ಅವಳ ರೊಟ್ಟಿ ತಿಂದಿದ್ದೆ, ಅವಳ ಕಾಗದ ಓದಿದ್ದೆ. ಇದು ನನಗೆ ತಿಳಿದಿರಲಿಲ್ಲ.

"ನಿಮಗೆ ಇದನ್ನ ಯಾವ ಭಾಷೇಲಿ ಹೇಳಿದಳು?" ಎಂದು ತಮಿಳಿನಲ್ಲಿ ಕೇಳಿದೆ.

"ಭಾಷೆಯಾ?" ಕನ್ನಿಯಮ್ಮ ಯೋಚಿಸುವವಳ ಹಾಗೆ ತುತ್ತು ಕೈಯಲ್ಲೇ ಹಿಡಿದು ಕೂತಳು. ಎದುರಿಗೆ ತಾಳೆಮರಗಳ ಮೇಲೆ ಚಂದ್ರ ಏರುತ್ತಿದ್ದ. "ತೆರಿಯಲೈಯೇಮ್ಮಾ. ಪೇಸಿಕಿಟ್ಟೇ ಇರುಂದೋಂ."

ಗೊತ್ತಿಲ್ಲವಲ್ಲಮ್ಮಾ, ಮಾತಾಡುತ್ತಲೇ ಇದ್ದೆವು.